ಜಪಾನಿನದು ತರಿಸಿ, ಅಮೆರಿಕದ್ದು ಬಿಡಿ: ಎರಡು ದೈತ್ಯ ಸಲಮಾಂಡರ್ ಮಾಡೆಲ್‌ಗಳು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಜೋಡಿಯಲ್ಲಿ ಜಪಾನಿನ ದೈತ್ಯ ಸಲಮಾಂಡರ್ ಚೆನ್ನಾಗಿದೆ, ಅಮೆರಿಕದ ಹೆಲ್‌ಬೆಂಡರ್ ದಂಡ. ಎರಡೂ ಸೇರಿ 1,150 ರೂಪಾಯಿ, ಕೊರಿಯರ್ ಖರ್ಚು ಬೇರೆ. ಬಿಡಿಯಾಗಿ ಸಿಕ್ಕರೆ ಮೊದಲನೆಯದನ್ನಷ್ಟೇ ತರಿಸಿ.

ನಾನು ನಾಪೋಕ್ಲು ಕಡೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಉಭಯವಾಸಿಗಳ ಪಾಠಕ್ಕೆ ಕಪ್ಪೆ ತೋರಿಸಲು ಇಲ್ಲಿ ಕಷ್ಟವೇ ಇಲ್ಲ, ಮಳೆ ಹಿಡಿದ ಮೇಲೆ ಅವೇ ಕ್ಲಾಸಿಗೆ ಬಂದು ಕೂರುತ್ತವೆ. ಕಾಲಿಲ್ಲದ ಸಿಸಿಲಿಯನ್ ಕೂಡ ತೋಟದ ಒದ್ದೆ ಮಣ್ಣಿನಲ್ಲಿ ಇರುತ್ತದೆ, ಜನ ಅದನ್ನು ಹಾವಿನ ಮರಿ ಅಂದುಕೊಂಡು ಸುಮ್ನೆ ಹೊಡೆದು ಹಾಕುತ್ತಾರೆ. ಆದರೆ ಬಾಲ ಇರುವ ಗುಂಪು, ಅಂದರೆ ಸಲಮಾಂಡರ್, ನಮ್ಮ ಪಶ್ಚಿಮ ಘಟ್ಟದಲ್ಲಿ ಒಂದೂ ಇಲ್ಲ. ಭಾರತದಲ್ಲೇ ನೋಡಬೇಕೆಂದರೆ ಡಾರ್ಜಿಲಿಂಗ್ ಅಥವಾ ಈಶಾನ್ಯದ ಬೆಟ್ಟಗಳಿಗೆ ಹೋಗಬೇಕು, ಅಲ್ಲಿ ಸಿಗುವುದೂ ಗೇಣುದ್ದದ ನ್ಯೂಟ್‌ಗಳು. ಅದಕ್ಕೇ ಈ ರಬ್ಬರ್ ಮಾಡೆಲ್‌ಗಳನ್ನು ತರಿಸಿದ್ದು.

ಜಪಾನಿನದನ್ನು ಮಾಡಿದವರು ನಿಜವಾದ ಪ್ರಾಣಿಯ ಫೋಟೋ ಎದುರಿಗಿಟ್ಟುಕೊಂಡೇ ಕೂತಿದ್ದಾರೆ. ತಲೆ ಅಗಲ, ಚಪ್ಪಟೆ, ಮೇಲೆಲ್ಲ ಗಂಟು ಗಂಟು. ಕಣ್ಣು ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಸಣ್ಣದು, ಅಸಲಿಯಲ್ಲೂ ಹಾಗೇ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಪಕ್ಕೆಯ ಉದ್ದಕ್ಕೂ ಇರುವ ಚರ್ಮದ ಮಡಿಕೆ. ಈ ಪ್ರಾಣಿಗೆ ಶ್ವಾಸಕೋಶ ಇದ್ದರೂ ಉಸಿರಾಟದ ಕೆಲಸವನ್ನೆಲ್ಲ ಹೆಚ್ಚುಕಡಿಮೆ ಚರ್ಮವೇ ನೋಡಿಕೊಳ್ಳುತ್ತದೆ, ಮಡಿಕೆ ಇದ್ದಷ್ಟೂ ನೀರಿಗೆ ತಾಗುವ ಚರ್ಮ ಹೆಚ್ಚು, ಹಾಗಾಗಿಯೇ ಅದಕ್ಕೆ ತಣ್ಣಗೆ ಹರಿಯುವ, ಆಮ್ಲಜನಕ ಚೆನ್ನಾಗಿರುವ ಬೆಟ್ಟದ ಹೊಳೆಯೇ ಬೇಕು. ಇಷ್ಟನ್ನು ಬೋರ್ಡಿನ ಮೇಲೆ ಬರೆದು ಹೇಳುವುದಕ್ಕೂ ಮಕ್ಕಳ ಕೈಗೆ ಆ ಮಡಿಕೆ ಕೊಟ್ಟು ಹೇಳುವುದಕ್ಕೂ ತುಂಬ ವ್ಯತ್ಯಾಸವಿದೆ.

ತಪ್ಪಿರುವುದು ಜೊತೆಗೆ ಬಂದ ಕಾರ್ಡಿನಲ್ಲಿ. ಉದ್ದ 1.8 ಮೀಟರ್ ಅಂತ ಅಚ್ಚು ಹಾಕಿದ್ದಾರೆ. ಅದು ಚೀನಾದ ದೈತ್ಯ ಸಲಮಾಂಡರಿನ ಲೆಕ್ಕ. ಜಪಾನಿನದು ಹೆಚ್ಚೆಂದರೆ 1.5 ಮೀಟರ್, ತೂಕ 25 ಕಿಲೋ ಆಸುಪಾಸು. ಅದೇನೂ ಕಮ್ಮಿ ಅಲ್ಲ ಬಿಡಿ. 1952ರಿಂದ ಜಪಾನ್ ಇದನ್ನು ವಿಶೇಷ ನೈಸರ್ಗಿಕ ಸ್ಮಾರಕ ಅಂತ ಕಾಪಾಡುತ್ತಿದೆ. ಜರ್ಮನ್ ವೈದ್ಯ ಸೀಬೋಲ್ಡ್ ಯುರೋಪಿಗೆ ತಂದ ಒಂದು ಪ್ರಾಣಿ ಸುಮಾರು ಅರ್ಧ ಶತಮಾನ ಬದುಕಿ, 1881ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು. ಕಾರ್ಡಿನಲ್ಲಿ ಇದನ್ನೆಲ್ಲ ಬರೆಯಬಹುದಿತ್ತು, ಅಲ್ವಾ? ಬರೆದಿರುವುದು 'ಅದ್ಭುತ ಜೀವಿ' ಅಂತ.

ಈಗ ಹೆಲ್‌ಬೆಂಡರ್. ಡಬ್ಬ ತೆಗೆದ ತಕ್ಷಣ ಕಂಡದ್ದು ಕತ್ತಿನ ಎರಡೂ ಕಡೆ ಜೋತುಬಿದ್ದ ಕೆಂಪು ಕಿವಿರು. ಬೆಳೆದ ಹೆಲ್‌ಬೆಂಡರಿಗೆ ಹೊರಗೆ ಕಾಣುವ ಕಿವಿರೇ ಇರುವುದಿಲ್ಲ! ಕತ್ತಿನ ಬದಿಯಲ್ಲಿ ಒಂದು ಸಣ್ಣ ತೂತು ಉಳಿದಿರುತ್ತದೆ, ಅಷ್ಟೇ. ಜಪಾನಿನದಕ್ಕೆ ಆ ತೂತೂ ಮುಚ್ಚಿಹೋಗುತ್ತದೆ, ಎರಡನ್ನೂ ಬೇರೆ ಮಾಡಲು ಇದೊಂದು ಒಳ್ಳೆಯ ಗುರುತು, ಅದನ್ನೇ ಕೆಡಿಸಿದ್ದಾರೆ. ಕಿವಿರು ಉಳಿಸಿಕೊಳ್ಳುವುದು ಅಮೆರಿಕದ್ದೇ ಇನ್ನೊಂದು ಸಲಮಾಂಡರ್, ಮಡ್‌ಪಪ್ಪಿ. ಹಾಗಾದರೆ ಚೀಟಿ ಬದಲಾಯಿಸಿ ಮಡ್‌ಪಪ್ಪಿ ಅಂತ ತೋರಿಸೋಣ ಅಂದರೆ ಅದಕ್ಕೂ ಆಗುವುದಿಲ್ಲ, ಮಡ್‌ಪಪ್ಪಿಗೆ ನಾಲ್ಕೂ ಕಾಲಿಗೆ ನಾಲ್ಕು ನಾಲ್ಕೇ ಬೆರಳು, ಈ ಪುಣ್ಯಾತ್ಮರು ಎಲ್ಲ ಕಾಲಿಗೂ ಐದೈದು ಕೊಟ್ಟಿದ್ದಾರೆ. ಬಣ್ಣವೋ, ಹೊಳೆಯುವ ನೀಲಿ. ಅಸಲಿ ಪ್ರಾಣಿ ಕಂದು, ಮೇಲೆ ಕಪ್ಪು ಮಚ್ಚೆ, ಹೊಳೆಯ ಕಲ್ಲಿನ ಪಕ್ಕ ಕೂತರೆ ಕಾಣುವುದೇ ಇಲ್ಲ.

ಅಳತೆಯದು ಇನ್ನೊಂದು ಕಿರಿಕಿರಿ. ಎರಡನ್ನೂ ಒಂದೇ ಉದ್ದಕ್ಕೆ ಮಾಡಿದ್ದಾರೆ. ಹೆಲ್‌ಬೆಂಡರ್ ಎಷ್ಟೇ ಬೆಳೆದರೂ 74 ಸೆಂಟಿಮೀಟರ್, ತೂಕ ಎರಡು ಕಿಲೋ ಹತ್ತಿರ. ಮಕ್ಕಳು ಅಣ್ಣ ತಮ್ಮ ಅಂದುಕೊಂಡರು. ಆಮೇಲೆ ಜಗಲಿಯಲ್ಲಿ ಸೀಮೆಸುಣ್ಣದಿಂದ ಎರಡೂ ಗೀಟು ಎಳೆಸಿದೆ. ಜಪಾನಿನ ಗೀಟಿನ ಪಕ್ಕ ಮಲಗಿದ ಏಳನೇ ಕ್ಲಾಸಿನ ಹುಡುಗನೇ ಗಿಡ್ಡವಾದ, ಅಲ್ಲಿಗೆ ವಿಷಯ ತಲೆಗೆ ಹೋಯಿತು.

ಬೇಜಾರೇನೆಂದರೆ, ನಮ್ಮ ಮಕ್ಕಳಿಗೆ ಹೇಳಲು ಹೆಚ್ಚು ಹತ್ತಿರದ ಕಥೆ ಇರುವುದು ಹೆಲ್‌ಬೆಂಡರಿನದೇ. ಅದು ಅಪಲಾಚಿಯನ್ ಬೆಟ್ಟದ ಹೊಳೆಗಳಲ್ಲಿ ದೊಡ್ಡ ಚಪ್ಪಡಿ ಕಲ್ಲಿನ ಅಡಿ ಇರುತ್ತದೆ, ಮೊಟ್ಟೆಯೂ ಅಲ್ಲೇ, ಕಾವಲು ಗಂಡಿನದು. ಮೇಲಿನ ಗುಡ್ಡ ಅಗೆದು ಮಣ್ಣು ಹೊಳೆಗೆ ಬಂದರೆ ಆ ಕಲ್ಲಿನ ಸಂದೆಲ್ಲ ಹೂತುಹೋಗುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ತೋಡು, ಹೊಳೆ, ಗದ್ದೆ ಎಲ್ಲ ಕೆಸರಾದದ್ದನ್ನು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಜಾರ್ಕ್ ಕಡೆಯ ಹೆಲ್‌ಬೆಂಡರ್ 2011ರಲ್ಲೇ ಅಮೆರಿಕದ ಅಪಾಯದ ಪಟ್ಟಿ ಸೇರಿತು. ಜಪಾನಿನದಕ್ಕೆ ಕಾಟ ಬೇರೆ ಥರ: ಹೊಳೆಗೆ ಕಟ್ಟಿದ ಒಡ್ಡು, ದಡಕ್ಕೆ ಹಾಕಿದ ಕಾಂಕ್ರೀಟು. ಜೊತೆಗೆ ಕ್ಯೋಟೋದ ಕಾಮೊ ನದಿಯಲ್ಲಿ ಹೊರಗಿನಿಂದ ಬಂದ ಚೀನಾ ಸಲಮಾಂಡರ್ ಜೊತೆ ಮಿಶ್ರತಳಿ ಆಗುತ್ತಿರುವುದು.

ಬಾಳಿಕೆ ಪರವಾಗಿಲ್ಲ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರೂ ಜಪಾನಿನದರ ಬಣ್ಣ ಹೋಗಲಿಲ್ಲ, ನೀಲಿಯದು ಕೈಗೆ ಸ್ವಲ್ಪ ಹತ್ತಿತು. ರಟ್ಟಿನ ಡಬ್ಬಕ್ಕೆ ಮಾತ್ರ ಜುಲೈ ಮುಗಿಯುವ ಮೊದಲೇ ಬೂಸ್ಟು.

ಮಾರಿದವರಿಗೆ ಕಿವಿರಿನ ಫೋಟೋ ಕಳಿಸಿ ಕೇಳಿದರೆ 'ಮಕ್ಕಳ ಆಟಿಕೆ ಮೇಡಂ' ಅಂತ ಉತ್ತರ. ಪಟ್ಟಿಯಲ್ಲಿ ಹಾಕಿರುವುದು 'ಶೈಕ್ಷಣಿಕ ಮಾದರಿ' ಅಂತ, ದುಡ್ಡು ತೆಗೆದುಕೊಳ್ಳುವಾಗ ಶಿಕ್ಷಣ, ಕೇಳಿದಾಗ ಆಟಿಕೆ. ವಾಪಸ್ ತೆಗೆದುಕೊಳ್ಳುತ್ತೇವೆ ಅಂದರು, ಆದರೆ ಈ ಮಳೆಯಲ್ಲಿ ನಮ್ಮ ರಸ್ತೆಗೆ ಪಿಕಪ್‌ನವರು ಬರುವುದಿಲ್ಲ, ಮಡಿಕೇರಿಗೆ ನಾವೇ ಒಯ್ದು ಕೊಡಬೇಕಂತೆ. ಬೇಡ ಅಂದೆ. ಬ್ಲೇಡಿನಿಂದ ಕಿವಿರು ಸವರಿ, ಮುಂಗಾಲಿನ ಒಂದೊಂದು ಬೆರಳು ಕತ್ತರಿಸಿ, ಕಂದು ಬಣ್ಣ ಬಳಿದು ಇಟ್ಟುಕೊಂಡಿದ್ದೇನೆ.

ಜಪಾನಿನದಕ್ಕೆ ಐದಕ್ಕೆ ನಾಲ್ಕು. ಹೆಲ್‌ಬೆಂಡರಿಗೆ ಒಂದೂವರೆ, ಆ ಅರ್ಧ ಕೊಟ್ಟದ್ದು ಬಾಲಕ್ಕೆ. ಈಜಲು ಬೇಕಾದ ಹಾಗೆ ಬದಿಯಿಂದ ಚಪ್ಪಟೆಯಾಗಿ, ಅದೊಂದನ್ನು ಸರಿಯಾಗಿ ಮಾಡಿದ್ದಾರೆ.