ಮಗಳ ಚೆಸ್ ಅಭ್ಯಾಸಕ್ಕೆ ದುಡ್ಡು ಕೊಟ್ಟು ತಗೊಂಡ ಆ್ಯಪ್‌ಗಿಂತ ಸ್ಟಾಕ್‌ಫಿಶ್ಶೇ ವಾಸಿ

ಮನೆಯಲ್ಲಿ ಮಕ್ಕಳ ಜೊತೆ ಚೆಸ್ ಆಡೋಕೆ ಯಾವ ಇಂಜಿನ್ (ಚೆಸ್ ಆಡೋ ಪ್ರೋಗ್ರಾಂ) ಹಾಕಿಕೊಡಲಿ ಅಂತ ಯಾರು ಕೇಳಿದರೂ ನಾನು ಹೇಳೋದು ಸ್ಟಾಕ್‌ಫಿಶ್. ಉಚಿತ ಅನ್ನೋದಕ್ಕಲ್ಲ. ವರ್ಷದ ಚಂದಾ ಕಟ್ಟಿ ತಗೊಂಡ ಆ್ಯಪ್ ಒಂದು ನನ್ನ ಮಗಳಿಗೆ ಸುಳ್ಳು ರೇಟಿಂಗ್ (ಆಟದ ಬಲ ತೋರಿಸೋ ಅಂಕ) ಕೊಟ್ಟಿತು, ಅದರ ಜೊತೆ ಕೆಟ್ಟ ಅಭ್ಯಾಸವೊಂದನ್ನೂ ಕಲಿಸಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಾವಿರೋದು ಸೋಮವಾರಪೇಟೆ ಕಡೆ. ಜೂನ್ ಕಳೆದರೆ ಶಾಲೆಗೆ ಮಳೆ ರಜೆ ಶುರು. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ, ಟವರಿನ ಬ್ಯಾಟರಿ ಮುಗಿದ ಮೇಲೆ ನೆಟ್‌ವರ್ಕೂ ಇರಲ್ಲ. ಮಗಳ ಮಟ್ಟಕ್ಕೆ ಆಡೋ ಮಕ್ಕಳು ಬೇಕಂದರೆ ಮಡಿಕೇರಿಗೋ ಕುಶಾಲನಗರಕ್ಕೋ ಹೋಗಬೇಕು. ಹಾಗಾಗಿ ನೆಟ್ ಇಲ್ಲದೆ ನಡೆಯೋ ಎದುರಾಳಿ ನಮಗೆ ಬೇಕೇಬೇಕು. ಆ ಆ್ಯಪ್, ಸ್ಟಾಕ್‌ಫಿಶ್, ಮಾಯಾ ಅನ್ನೋ ಇನ್ನೊಂದು ಇಂಜಿನ್, ಮೂರನ್ನೂ ಆಡಿಸಿ ನೋಡಿದ್ದೇನೆ.

ಆ್ಯಪ್ ನೋಡೋಕೆ ಚೆಂದ. ಮಣೆ, ಕಾಯಿ, ಸದ್ದು ಎಲ್ಲ ಅಚ್ಚುಕಟ್ಟು. ಇಂಜಿನ್‌ಗೆ 1500, 1900 ಅಂತ ಮಟ್ಟ ಇಡಬಹುದು, ಪ್ರತಿ ಆಟ ಆದಮೇಲೆ ನಮ್ಮ ರೇಟಿಂಗ್ ಏರಿಳಿಯುತ್ತೆ. ಮಗಳದು ಏರುತ್ತಲೇ ಹೋಯಿತು. 1500ರ ಆಸುಪಾಸಿನಲ್ಲಿದ್ದವಳು 1700 ದಾಟಿದಳು. ಆಟಗಳನ್ನು ತೆರೆದು ನೋಡಿದರೆ ಗೆದ್ದಿದ್ದು ಕಡಿಮೆ, ಡ್ರಾಗಳೇ ಜಾಸ್ತಿ. ಅದರಲ್ಲೂ ಒಂದು ಕಾಯಿ ಪೂರ್ತಿ ಕಳಕೊಂಡ ಮೇಲೆ ಆದ ಡ್ರಾಗಳು.

ಒಂದು ಆಟವನ್ನೇ ನೋಡಿ. ಇಂಜಿನ್‌ಗೆ ಒಂದು ಒಂಟೆ, ಎರಡು ಪದಾತಿ ಹೆಚ್ಚು. ಅದರ ಒಂಟೆ ಡಿ5 ಅನ್ನೋ ಮನೆಯಲ್ಲಿದೆ. ಮಗಳು ಆನೆಯನ್ನು ಡಿ1ಕ್ಕೆ ತಂದು ಆ ಒಂಟೆಯ ಮೇಲೆ ಬಿದ್ದಳು. ಒಂಟೆ ಇ6ಕ್ಕೆ ಹೋಯಿತು. ಆನೆ ಇ1ಕ್ಕೆ ಬಂತು. ಒಂಟೆ ಮತ್ತೆ ಡಿ5ಕ್ಕೆ, ಆನೆ ಮತ್ತೆ ಡಿ1ಕ್ಕೆ. ಸಿ6 ಖಾಲಿ, ಬಿ7 ಖಾಲಿ. ಎಲ್ಲಿಗೆ ಸರಿದರೂ ಗೆಲುವು ಇಂಜಿನ್ನಿನದೇ. ಆದರೂ ಆ ಒಂಟೆ ಎರಡೇ ಮನೆಗಳ ಮಧ್ಯೆ ಓಡಾಡಿತು. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಅನ್ನೋದು ಚೆಸ್ ನಿಯಮ. ಅದೇ ಸ್ಥಿತಿ ಮೂರನೇ ಸಲ ಬಂದಿದ್ದೇ ತಡ, ಆ್ಯಪ್ ಡ್ರಾ ಅಂತ ಘೋಷಿಸಿತು. 1900ರ ಇಂಜಿನ್ ಜೊತೆ ಡ್ರಾ!

ಇದರ ಲೆಕ್ಕ ಹೀಗೆ. ನಮಗಿಂತ 400 ಅಂಕ ಮೇಲಿರೋರ ಎದುರು ರೇಟಿಂಗ್ ಲೆಕ್ಕ ಹಾಕೋ ಎಲೋ ಸೂತ್ರ ನಮ್ಮಿಂದ ನಿರೀಕ್ಷಿಸೋದು ಆಟಕ್ಕೆ ಸುಮಾರು 0.09 ಅಂಕ. ಡ್ರಾ ಮಾಡಿದರೆ ಸಿಗೋದು 0.5. ಈ ವ್ಯತ್ಯಾಸವನ್ನು ಗುಣಿಸೋ ಕೆ ಗುಣಕ 20 ಇದ್ದರೆ ಅಂಥ ಒಂದೊಂದು ಡ್ರಾಗೂ ರೇಟಿಂಗ್ 8ರಷ್ಟು ಏರುತ್ತೆ, 40 ಇದ್ದರೆ 16ರಷ್ಟು. ಸೋಲಬೇಕಾದ ಆಟಗಳೆಲ್ಲ ಹೀಗೆ ಡ್ರಾ ಆಗ್ತಾ ಇದ್ದರೆ ಅಂಕ ಏರದೆ ಇನ್ನೇನಾಗುತ್ತೆ?

ಇಂಜಿನ್ ಯಾಕೆ ಹಾಗೆ ಆಡ್ತು? ಮಣೆ ತೋರಿಸೋ ಆ್ಯಪ್ ಬೇರೆ, ಒಳಗೆ ಯೋಚಿಸೋ ಇಂಜಿನ್ ಬೇರೆ. ಇವೆರಡು ಮಾತಾಡಿಕೊಳ್ಳೋಕೆ ಯುಸಿಐ ಅನ್ನೋ ಕ್ರಮ 2000ದಿಂದ ಬಳಕೆಯಲ್ಲಿದೆ. ಅದರಲ್ಲಿ ಮೊದಲ ನಡೆಯಿಂದ ಇಲ್ಲಿಯವರೆಗಿನ ಎಲ್ಲ ನಡೆಗಳನ್ನೂ ಇಂಜಿನ್‌ಗೆ ಕಳಿಸಬಹುದು. ಇಲ್ಲವೇ ಈಗಿನ ಸ್ಥಿತಿಯನ್ನಷ್ಟೇ ಎಫ್‌ಇಎನ್ ಅನ್ನೋ ಒಂದು ಸಾಲಿನಲ್ಲಿ ಕಳಿಸಬಹುದು. ಯಾರ ಸರದಿ, ಕ್ಯಾಸ್ಲಿಂಗ್ ಹಕ್ಕು ಉಳಿದಿದೆಯಾ, ಐವತ್ತು ನಡೆ ನಿಯಮದ (ಪದಾತಿ ನಡೆಸದೆ, ಕಾಯಿ ಹೊಡೆಯದೆ ಐವತ್ತು ನಡೆ ಕಳೆದರೆ ಡ್ರಾ) ಎಣಿಕೆ ಎಷ್ಟಾಗಿದೆ, ಇಷ್ಟೂ ಆ ಸಾಲಿನಲ್ಲಿರುತ್ತೆ. ಇದೇ ಸ್ಥಿತಿ ಹಿಂದೆ ಎಷ್ಟು ಸಲ ಬಂದಿತ್ತು ಅನ್ನೋದು ಮಾತ್ರ ಇರಲ್ಲ. ಬರೀ ಎಫ್‌ಇಎನ್ ಕಳಿಸಿದರೆ ಇಂಜಿನ್‌ಗೆ ಪ್ರತಿ ಸಲವೂ ಅದು ಹೊಸ ಆಟ. ಅದು ಲೆಕ್ಕ ಹಾಕುತ್ತೆ, ಇ6 ಒಳ್ಳೇದು ಅನ್ನುತ್ತೆ, ಆಡುತ್ತೆ. ಪುನರಾವರ್ತನೆ ಎಣಿಸ್ತಾ ಕೂತ ಆ್ಯಪ್ ಅತ್ತ ಡ್ರಾ ಕೊಡುತ್ತೆ.

ಇದನ್ನು ನಾನು ಲ್ಯಾಪ್‌ಟಾಪಿನಲ್ಲಿ ಸ್ಟಾಕ್‌ಫಿಶ್‌ನಿಂದಲೇ ಪರೀಕ್ಷೆ ಮಾಡಿದೆ. ಎಫ್‌ಇಎನ್ ಮಾತ್ರ ಕೊಟ್ಟಾಗ ಒಂಟೆ ಇ6ಕ್ಕೇ ಹೋಯಿತು. ಮೊದಲಿಂದ ಎಲ್ಲ ನಡೆಗಳನ್ನೂ ಕೊಟ್ಟಾಗ ಸಿ6ಕ್ಕೆ ಸರಿಯಿತು, ಆನೆಯ ಬೆನ್ನಟ್ಟುವಿಕೆ ಅಲ್ಲಿಗೆ ಮುಗಿಯಿತು. ಅದೇ ಇಂಜಿನ್, ಅದೇ ಸ್ಥಿತಿ. ಹಿಂದಿನ ನಡೆಗಳು ಗೊತ್ತಿತ್ತೋ ಇಲ್ಲವೋ ಅನ್ನೋದಷ್ಟೇ ವ್ಯತ್ಯಾಸ. ಇಷ್ಟನ್ನೂ ಬರೆದು ಆ್ಯಪಿನವರಿಗೆ ಕಳಿಸಿದೆ. ಮಟ್ಟ ಇನ್ನೂ ಏರಿಸಿ ಆಡಿ ಅಂತ ಉತ್ತರ ಬಂತು. ಮಟ್ಟ ಏರಿಸಿದರೂ ಕಾಯಿಲೆ ಅದೇ.

ರೇಟಿಂಗ್ ಹೋದರೆ ಹೋಗಲಿ. ಸೋಲ್ತಾ ಇದ್ದಾಗ ಎದುರಾಳಿಯ ಕಾಯಿಯನ್ನು ಓಡಿಸ್ತಾ ಇದ್ದರೆ ಡ್ರಾ ಸಿಗುತ್ತೆ ಅಂತ ಮಗಳು ನಂಬಿಬಿಟ್ಟಳು. ಮೈಸೂರಿನ ಟೂರ್ನಮೆಂಟಲ್ಲೂ ಅದನ್ನೇ ಮಾಡಿದಳು. ಎದುರಿಗಿದ್ದ ಹುಡುಗ ಎರಡನೇ ಸಲಕ್ಕೇ ಒಂಟೆಯನ್ನು ಬೇರೆ ಮನೆಗೆ ಸರಿಸಿ ಗೆದ್ದುಕೊಂಡ. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಕೇಳಿದ್ದು, "ಹಂಗಾದ್ರೆ 1700 ಸುಳ್ಳಾ ಅಪ್ಪಾ?"

ಇಂಜಿನ್‌ಗಳಲ್ಲಿ ಬಗ್ (ಪ್ರೋಗ್ರಾಮಿನ ದೋಷ) ಹೊಸದೇನಲ್ಲ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಎದುರು ಮೊದಲ ಆಟದ 44ನೇ ನಡೆಯಲ್ಲಿ ಐಬಿಎಂನ ಕಂಪ್ಯೂಟರ್ ಡೀಪ್ ಬ್ಲೂ ಆನೆಯನ್ನು ಅರ್ಥವಿಲ್ಲದೆ ಡಿ1ಕ್ಕೆ ಇಟ್ಟಿದ್ದು ಬಗ್‌ನಿಂದ ಅಂತ ಅದನ್ನು ಕಟ್ಟಿದ ತಂಡದ ಮರ್ರೆ ಕ್ಯಾಂಪ್‌ಬೆಲ್ ಆಮೇಲೆ ಹೇಳಿದರು. ಡ್ರಾ ವಿಷಯದಲ್ಲಿ ಇದಕ್ಕೆ ಉಲ್ಟಾ ಆಗಿದ್ದೂ ಇದೆ. 2008ರಲ್ಲಿ ಗ್ರ್ಯಾಂಡ್‌ಮಾಸ್ಟರ್ ನಕಮುರ ಎದುರು ರಿಬ್ಕಾ ಅನ್ನೋ ಇಂಜಿನ್ ತಾನೇ ಮೇಲಿದ್ದೇನೆ ಅಂದುಕೊಂಡು, ಐವತ್ತು ನಡೆ ನಿಯಮದ ಡ್ರಾ ತಪ್ಪಿಸೋಕೆ ಹೋಗಿ ತನ್ನ ಭದ್ರ ಸ್ಥಿತಿಯನ್ನೇ ಕೆಡಿಸಿಕೊಂಡು 271 ನಡೆಗಳಲ್ಲಿ ಸೋತಿತು. ಬಗ್ ಇರೋದು ತಪ್ಪಲ್ಲ. ತೋರಿಸಿಕೊಟ್ಟ ಮೇಲೂ ಸರಿಮಾಡದೆ, ಅದರಿಂದ ಬಂದ ಅಂಕವನ್ನು ಮಗುವಿಗೆ ಕೊಡ್ತಾ ಇರೋದು ತಪ್ಪು.

ಸ್ಟಾಕ್‌ಫಿಶ್ ನನಗೆ ಇಷ್ಟ ಆಗೋದು ಇಲ್ಲೇ. 2008ರಿಂದ ಅದರ ಕೋಡ್ ಬಯಲಲ್ಲಿದೆ. 2013ರಿಂದ ಫಿಶ್‌ಟೆಸ್ಟ್ ಅನ್ನೋ ಪರೀಕ್ಷಾ ವ್ಯವಸ್ಥೆಯಲ್ಲಿ ಒಂದೊಂದು ಬದಲಾವಣೆಯನ್ನೂ ಸಾವಿರಾರು ಆಟ ಆಡಿಸಿ, ಬಲ ಕುಗ್ಗಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಸೇರಿಸ್ತಾರೆ. ಅದನ್ನು ಆಡಿಸೋಕೆ ನಾನು ಫೋನಿಗೆ ಡ್ರಾಯ್ಡ್‌ಫಿಶ್, ಲ್ಯಾಪ್‌ಟಾಪಿಗೆ ಕ್ಯೂಟ್ ಚೆಸ್ ಹಾಕಿದ್ದೇನೆ. ಎರಡಕ್ಕೂ ನೆಟ್ ಬೇಡ. ಹಳೇ ಲ್ಯಾಪ್‌ಟಾಪ್ ನಿಧಾನ ಆದ್ದರಿಂದ ಇಂಜಿನ್ ಸಮಯ ಮೀರಿ ಸೋಲದಿರಲಿ ಅಂತ ಮೂವ್ ಓವರ್‌ಹೆಡ್ (ಪ್ರತಿ ನಡೆಗೂ ಮೀಸಲಿಡೋ ಹೆಚ್ಚುವರಿ ಸಮಯ) ಅನ್ನು ಮೊದಲಿದ್ದ 10 ಮಿಲಿಸೆಕೆಂಡಿನಿಂದ ಹೆಚ್ಚಿಸಿಟ್ಟಿದ್ದೇನೆ. ಸಮಯ ಮುಗಿದು ಸೋತರೂ ರೇಟಿಂಗ್ ಲೆಕ್ಕದಲ್ಲಿ ಅದು ಸೋಲೇ ತಾನೆ.

ಕೊರತೆಯೂ ಇದೆ. ಸ್ಟಾಕ್‌ಫಿಶ್‌ನ ಬಲ ಮಿತಿಗೊಳಿಸಿದರೆ ಸಿಗೋ ರೇಟಿಂಗ್ ವ್ಯಾಪ್ತಿ 1320ರಿಂದ 3190. ಆ ಸಂಖ್ಯೆಗಳನ್ನು ಹೊಂದಿಸಿರೋದು ಇಂಜಿನ್‌ಗಳ ಪಟ್ಟಿಗೆ, ವಿಶ್ವ ಚೆಸ್ ಸಂಸ್ಥೆ ಫಿಡೆಯ ರೇಟಿಂಗ್‌ಗಲ್ಲ. ಈಗಷ್ಟೇ ಕಲಿಯೋ ಮಗುವಿಗೆ ಅದರ ತಳಮಟ್ಟವೂ ಕಷ್ಟ. ಹತ್ತು ನಡೆ ಗ್ರ್ಯಾಂಡ್‌ಮಾಸ್ಟರ್ ಹಾಗೆ ಆಡಿ, ಹನ್ನೊಂದನೆಯದರಲ್ಲಿ ಸುಮ್ಮನೆ ಕುದುರೆ ಬಿಟ್ಟುಕೊಡುತ್ತೆ. ಮನುಷ್ಯರು ತಪ್ಪೋ ರೀತಿ ಅದಲ್ಲ.

ಅದಕ್ಕೆ ಬೇಕಾದ್ದು ಮಾಯಾ. ಜನ ಆಡಿದ ಆಟಗಳಿಂದಲೇ 1100ರಿಂದ 1900ರವರೆಗಿನ ಮಟ್ಟಗಳಿಗೆ ಕಲಿಸಿದ್ದು, ತಪ್ಪೋದೂ ಜನರ ಹಾಗೇ. ಆದರೆ ಆಫ್‌ಲೈನ್ ಬೇಕಂದರೆ ಲೀಲಾ ಅನ್ನೋ ಬೇರೆ ಇಂಜಿನ್ ಹಾಕಿ, ಮಟ್ಟಕ್ಕೊಂದು ಫೈಲ್ ಇಳಿಸಿ, ಮುಂದಿನ ನಡೆಗಳನ್ನು ಹುಡುಕದೆ ಆಡೋ ಹಾಗೆ ಒಂದೇ ನೋಡ್ (node) ಅಂತ ಮಿತಿ ಇಡಬೇಕು. ಅಂತ್ಯದಾಟದಲ್ಲಿ ದುರ್ಬಲ. ವಾರಕ್ಕೊಮ್ಮೆ ಆಡೋಕೆ ಚೆನ್ನಾಗಿದೆ.

ಈ ವರ್ಷ ಚಂದಾ ಮುಂದುವರಿಸಲಿಲ್ಲ. ಆ ದುಡ್ಡಲ್ಲಿ ಮೈಸೂರಿನ ಟೂರ್ನಮೆಂಟ್ ಎಂಟ್ರಿ ಫೀ ಕಟ್ಟಿ, ಇಬ್ಬರ ಬಸ್ ಚಾರ್ಜೂ ಆಗುತ್ತೆ. ಸಂಜೆ ಇನ್ವರ್ಟರ್ ಇರೋವರೆಗೆ ಸ್ಟಾಕ್‌ಫಿಶ್ ಜೊತೆ ಒಂದು ಆಟ, ಭಾನುವಾರ ಮಾಯಾ. ರೇಟಿಂಗ್ ಮಾತ್ರ ಟೂರ್ನಮೆಂಟಲ್ಲಿ ಬಂದದ್ದೇ.

ನೀವು ಈಗಾಗಲೇ ಯಾವುದೋ ಆ್ಯಪ್‌ಗೆ ಚಂದಾ ಕಟ್ಟಿದ್ದರೆ ಹೀಗೆ ಪರೀಕ್ಷೆ ಮಾಡಿ. ಬೇಕಂತಲೇ ಒಂದು ಕಾಯಿ ಬಿಟ್ಟುಕೊಡಿ. ಆಮೇಲೆ ಆನೆಯಿಂದ ಅದರ ಒಂಟೆಯನ್ನು ಎರಡು ಮನೆಗಳ ಮಧ್ಯೆ ಓಡಿಸಿ. ಹೋಗೋಕೆ ಬೇರೆ ಒಳ್ಳೆ ಮನೆ ಇದ್ದೂ ಮೂರನೇ ಸಲವೂ ಅಲ್ಲಿಗೇ ವಾಪಸ್ ಬಂದರೆ, ಆ ಆ್ಯಪ್ ಕೊಡೋ ರೇಟಿಂಗನ್ನು ಮಗುವಿಗೆ ತೋರಿಸಬೇಡಿ.