ಧಾರವಾಡದಲ್ಲಿ ಮೊದಲ ವರ್ಷ: ಹಾಸ್ಟೆಲ್ಲೋ, ಪಿಜಿಯೋ, ಹುಬ್ಬಳ್ಳಿಯಿಂದ ಓಡಾಟವೋ?

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸೀಟ್ ಸಿಕ್ಕಿದ್ದರೆ ಪಾವಟೆ ನಗರದ ಕ್ಯಾಂಪಸ್ ಹಾಸ್ಟೆಲ್‌ಗೆ ಅರ್ಜಿ ಹಾಕಿ. ನನ್ನ ಆಯ್ಕೆ ಅದೇ. ಹಾಸ್ಟೆಲ್ ಪಟ್ಟಿ ಬರುವ ತನಕ ನಾನು ಮೊದಲು ಹುಬ್ಬಳ್ಳಿಯ ಸೋದರಮಾವನ ಮನೆಯಿಂದ ಓಡಾಡಿದೆ. ಆಮೇಲೆ ಸಪ್ತಾಪುರದ ಕಡೆ ಒಂದು ಪಿಜಿಯಲ್ಲಿದ್ದೆ. ಈಗ ಹಾಸ್ಟೆಲ್‌ನಲ್ಲಿದ್ದೇನೆ.

ಹುಬ್ಬಳ್ಳಿಯ ಓಡಾಟದಲ್ಲಿ ಊಟ, ಬಾಡಿಗೆ ಎರಡೂ ಉಳೀತು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ಅದರದೇ ದಾರಿ ಇದೆ, ಟ್ರಾಫಿಕ್ ಕಾಟ ಕಡಿಮೆ. ಆದರೆ ಧಾರವಾಡದಲ್ಲಿ ಇಳಿದು ಕ್ಯಾಂಪಸ್ಸಿಗೆ ಇನ್ನೊಂದು ಬಸ್ ಹಿಡೀಬೇಕು. ಸಂಜೆ ಪ್ರಾಕ್ಟಿಕಲ್ ಮುಗಿಸಿ ಮನೆ ಮುಟ್ಟುವಷ್ಟರಲ್ಲಿ ಪುಸ್ತಕ ತೆಗೆಯುವ ಶಕ್ತಿ ಇರುತ್ತಿರಲಿಲ್ಲ. ರಾತ್ರಿ ಓದುವ ರೂಢಿಯವಳು ನಾನು. ಹಾಗಾಗಿ ಅದು ಆಗಲಿಲ್ಲ.

ಪಿಜಿಯಲ್ಲಿ ಮಂಚ, ಗಾದಿ, ವೈಫೈ ಎಲ್ಲ ಚೆನ್ನಾಗಿಯೇ ಇತ್ತು. ಸುತ್ತ ಕೋಚಿಂಗ್ ಕ್ಲಾಸುಗಳು, ಝೆರಾಕ್ಸ್ ಅಂಗಡಿಗಳು, ಖಾನಾವಳಿಗಳು. ತ್ರಾಸು ಕೊಟ್ಟಿದ್ದು ನೀರು.

ರೂಮ್ ನೋಡಲು ಹೋದಾಗಲೇ ಅಪ್ಪ ಕೇಳಿದ್ದರು. "ನೀರಿಂದ ಏನೂ ಚಿಂತಿ ಮಾಡಬ್ಯಾಡ್ರಿ, ಬೋರ್ ಐತಿ" ಅಂದರು ಮಾಲಕರು. ಬೋರ್ ಇತ್ತು, ನಿಜ. ಆದರೆ ಅದರ ನೀರು ಸವಳು. ಸಾಬೂನು ನೊರೆ ಬರಲ್ಲ. ತಲೆ ತೊಳೆದರೆ ಕೂದಲು ಜಡ್ಡುಗಟ್ಟುತ್ತದೆ, ಬಾಚಣಿಗೆ ಇಳಿಯಲ್ಲ. ಒಗೆದ ಬಟ್ಟೆ ಒಣಗಿದ ಮೇಲೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ. ಅಡುಗೆಯವರೂ ಅದೇ ನೀರು ಹಾಕಿದ ದಿನ ಬೇಳೆ ಬೇಯ್ತಿರಲಿಲ್ಲ.

ಸಿಹಿ ನೀರು ಅಂದರೆ ನಳದ ನೀರು. ಅದು ಸವದತ್ತಿ ಹತ್ತಿರದ ಮಲಪ್ರಭಾ ಡ್ಯಾಮಿನಿಂದ ಬರುತ್ತದೆ. ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರಿದೆ. ಉಳಿದ ಕಡೆ ಕೆಲವು ದಿನಕ್ಕೊಮ್ಮೆ ಬಿಡುತ್ತಾರೆ. ನಮ್ಮ ಓಣಿ ಎರಡನೇ ಗುಂಪಿನದು. ನಳ ಬಂದ ದಿನ ಸಂಪು ತುಂಬುತ್ತಿತ್ತು. ಆದರೆ ಆ ಸಂಪು ಒಂದು ಸಂಸಾರಕ್ಕೆ ಅಂತ ಕಟ್ಟಿಸಿದ್ದು. ಮೇಲೆ ಎರಡು ಮಹಡಿ ಏರಿಸಿ ಹುಡುಗಿಯರನ್ನು ತುಂಬಿದರೆ ಅದು ಎಷ್ಟು ಹೊತ್ತು ಬಾಳಿಕೆ ಬಂದೀತು? ಸಂಪು ಖಾಲಿಯಾದ ಕೂಡಲೇ ಮತ್ತೆ ಬೋರ್.

ಗೀಸರ್ ಕೂಡ ಇದರಿಂದಲೇ ಕೆಟ್ಟಿತು. ಸವಳು ನೀರಿನ ಸುಣ್ಣ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಆಮೇಲೆ ನೀರು ಕಾಯಲು ತುಂಬಾ ಹೊತ್ತು ಬೇಕು. ಬೆಳಿಗ್ಗೆ ಬಚ್ಚಲಿಗೆ ಪಾಳಿ, ಪಾಳಿಗಾಗಿ ಜಗಳ. ಮೊದಲ ಪಿರಿಯಡ್ ತಪ್ಪಿದ ದಿನಗಳೂ ಇವೆ. ಇಷ್ಟಕ್ಕೆ ತಿಂಗಳಿಗೆ ಕೊಡುತ್ತಿದ್ದ ದುಡ್ಡು ಈಗ ಹಾಸ್ಟೆಲ್‌ನಲ್ಲಿ ಮೆಸ್ ಸೇರಿ ಕೊಡುವುದಕ್ಕಿಂತ ಎಷ್ಟೋ ಜಾಸ್ತಿ. ಅಪ್ಪ ಶೇಂಗಾ ಮಾರಿ ಕಳಿಸುವ ದುಡ್ಡದು, ನನಗೆ ಹೊಟ್ಟೆ ಉರಿಯುತ್ತಿತ್ತು.

ಹಾಸ್ಟೆಲ್‌ನಲ್ಲಿ ತಲೆ ತೊಳೆದರೆ ತೊಳೆದ ಹಾಗೆ ಇರುತ್ತದೆ. ಡಿಪಾರ್ಟ್‌ಮೆಂಟಿಗೂ ಲೈಬ್ರರಿಗೂ ನಡೆದೇ ಹೋಗುತ್ತೇನೆ. ಮರಗಳ ಕೆಳಗಿನ ಆ ದಾರಿ ಜಿಟಿಜಿಟಿ ಮಳೆಯಲ್ಲೂ ಚೆಂದ. ಪಕ್ಕದ ರೂಮಿನ ಸೀನಿಯರ್ ಅಕ್ಕ ಹಳೇ ಪ್ರಶ್ನೆಪತ್ರಿಕೆ ಕೊಟ್ಟು, ಯಾವ ಪಾಠ ಮೊದಲು ಓದಬೇಕು ಅಂತ ಕೂತು ಹೇಳಿಕೊಟ್ಟರು. ಪಿಜಿಯಲ್ಲಿ ನನ್ನ ವಿಷಯದವರು ಒಬ್ಬರೂ ಇರಲಿಲ್ಲ.

ಊಟದಲ್ಲಿ ಮಾತ್ರ ಖಾನಾವಳಿಯೇ ಗೆಲ್ಲುತ್ತದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗೆ ರವಿವಾರ ಹೋಗೇ ಹೋಗುತ್ತೇನೆ.

ರೂಮಿನಲ್ಲಿ ಒಬ್ಬರೇ ಇರಬೇಕು, ಸಂಜೆ ಕೋಚಿಂಗ್ ಮುಗಿಸಿ ತಡವಾಗಿ ಬರಬೇಕು ಅನ್ನುವವರಿಗೆ ಪಿಜಿಯೇ ಸರಿ. ಅಂಥವರು ಮಂಚ, ವೈಫೈ ನೋಡುವ ಮೊದಲು ಮೂರು ಮಾತು ಕೇಳಿ: ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಲೀಟರಿನದು, ಮನೆಯಲ್ಲಿ ಎಷ್ಟು ಜನ ಇದ್ದಾರೆ. ಬಚ್ಚಲಿಗೆ ಹೋಗಿ ಬೋರ್ ನೀರಿನಲ್ಲಿ ಸಾಬೂನು ಹಚ್ಚಿ ಕೈ ತೊಳೆದು ನೋಡಿ. ಹಾಸ್ಟೆಲ್‌ಗೆ ಅರ್ಜಿ ಹಾಕಿದವರು ಪಟ್ಟಿ ಬರುವ ತನಕ ಎಲ್ಲೂ ದೊಡ್ಡ ಡಿಪಾಜಿಟ್ ಕಟ್ಟಬೇಡಿ. ತಿಂಗಳ ಲೆಕ್ಕದಲ್ಲಿ ಇರಲು ಒಪ್ಪುವ ಮನೆ ಹುಡುಕಿ, ನಡುವೆ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಬರುತ್ತದೆ ಅಂತ ಬರೆಸಿಕೊಳ್ಳಿ.