ಶೇ. 50 ತೋರಿಸುತ್ತಲೇ ಆರಿಹೋಗುವ ಥಿಂಕ್‌ಪ್ಯಾಡ್ ಟಿ480: ಗೇಜ್ ರಿಸೆಟ್‌ನಿಂದ ಎಷ್ಟು ಪ್ರಯೋಜನ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೇಳಿದರೆ ಇವತ್ತಿಗೂ ಕಣ್ಣಿಗೆ ಬೀಳುವ ಮಾದರಿ ಲೆನೊವೊದ ಥಿಂಕ್‌ಪ್ಯಾಡ್ ಟಿ480. 2018ರದು. ಕೀಬೋರ್ಡ್ ಗಟ್ಟಿಮುಟ್ಟು, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬದಲಿಸುವುದು ಸುಲಭ. ಕೊಂಡವರ ದೂರೆಲ್ಲ ಬ್ಯಾಟರಿಯ ಬಗ್ಗೆ. ಮೂಲೆಯಲ್ಲಿ ಶೇ. 50 ಅಂತಲೇ ಇರುತ್ತದೆ, ಎಚ್ಚರಿಕೆಯೇ ಇಲ್ಲದೆ ಯಂತ್ರ ಆರಿಹೋಗುತ್ತದೆ. ಲೆನೊವೊ ವ್ಯಾಂಟೇಜ್ ಆ್ಯಪ್‌ನಲ್ಲಿರುವ ‘ಬ್ಯಾಟರಿ ಗೇಜ್ ರಿಸೆಟ್’ (ಎಷ್ಟು ಚಾರ್ಜ್ ಉಳಿದಿದೆ ಎಂಬ ಅಳತೆಯನ್ನು ಹೊಸದಾಗಿ ಸರಿಪಡಿಸುವ ಸೌಲಭ್ಯ) ಇದಕ್ಕೆ ಮದ್ದು ಎಂಬ ಮಾತಿದೆ. ಅದು ಅರ್ಧ ನಿಜ.

ಈ ಯಂತ್ರದಲ್ಲಿ ಬ್ಯಾಟರಿ ಎರಡು. ಒಳಗೆ 24 ವ್ಯಾಟ್-ಅವರ್‌ನದು (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ ಇದು), ಹಿಂದೆ ಕೈಯಿಂದಲೇ ಬಿಚ್ಚಬಹುದಾದ 24, 48 ಅಥವಾ 72 ವ್ಯಾಟ್-ಅವರ್‌ನದು. ಮೊದಲು ಖಾಲಿಯಾಗುವುದು ಹೊರಗಿನದು, ಆಮೇಲೆ ಒಳಗಿನದು. ವಿಂಡೋಸ್ ತೋರಿಸುವುದು ಎರಡನ್ನೂ ಕೂಡಿಸಿದ ಒಂದೇ ಅಂಕಿ. 24ಕ್ಕೆ 24 ಸೇರಿದ ಯಂತ್ರದಲ್ಲಿ ಹೊರಗಿನದು ಪೂರ್ತಿ ಮುಗಿದಾಗ ಆ ಅಂಕಿ ಸುಮಾರು ಶೇ. 50. ಆ ಕ್ಷಣಕ್ಕೆ ಹೊರೆ ಒಳಗಿನ ಬ್ಯಾಟರಿಯ ಮೇಲೆ ಬೀಳುತ್ತದೆ. ಅದು ಹಳತಾಗಿದ್ದರೆ ವೋಲ್ಟೇಜ್ ಕುಸಿದು ಅಲ್ಲೇ ಆಟ ಮುಗಿಯುತ್ತದೆ. ಹೊರಗೆ 72 ಇದ್ದರೆ ಇದೇ ಕುಸಿತ ಶೇ. 25ರ ಆಸುಪಾಸಿನಲ್ಲಿ ಆಗುತ್ತದೆ. ಹಾಗಾಗಿ ಯಂತ್ರ ಪ್ರತಿ ಸಲವೂ ಹೊರಗಿನದು ಮುಗಿಯುವ ಈ ಅಂಕಿಯಲ್ಲೇ ಆರುತ್ತಿದ್ದರೆ ಹೊರಗಿನ ಬ್ಯಾಟರಿಗೆ ದುಡ್ಡು ಸುರಿಯಬೇಡಿ. ತಪ್ಪು ಒಳಗಿನದರದ್ದು.

ಒಳಗಿನದರ ಅಂಕಿಯೇ ಸುಳ್ಳಾಗಲು ಕಾರಣವಿದೆ. ಪ್ಯಾಕ್ ಒಳಗಿನ ಗೇಜ್ ಚಿಪ್ ಹೋಗುವ, ಬರುವ ಕರೆಂಟನ್ನು ಲೆಕ್ಕ ಇಡುತ್ತದೆ. ಲಿಥಿಯಂ ಸೆಲ್ 4.2 ವೋಲ್ಟ್‌ನಿಂದ 3 ವೋಲ್ಟ್‌ವರೆಗೆ ಇಳಿದರೂ ನಡುವಿನ ಬಹುಪಾಲು ವೋಲ್ಟೇಜ್ ಹೆಚ್ಚುಕಡಿಮೆ ಸಮತಟ್ಟು, ಅದನ್ನು ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ. ತುಂಬಿದ ತುದಿಯಿಂದ ಖಾಲಿ ತುದಿಯವರೆಗೆ ಒಮ್ಮೆ ಹೋಗಿಬಂದರೆ ಮಾತ್ರ ಚಿಪ್ ತನ್ನ ‘ಫುಲ್ ಚಾರ್ಜ್ ಕೆಪಾಸಿಟಿ’ಯನ್ನು, ಅಂದರೆ ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕವನ್ನು, ಸರಿಪಡಿಸಿಕೊಳ್ಳುತ್ತದೆ. ಸದಾ ಕೊನೆಗೆ ಬಳಕೆಯಾಗುವ ಒಳಗಿನ ಬ್ಯಾಟರಿ ಆ ತಳವನ್ನು ಮುಟ್ಟುವುದೇ ಅಪರೂಪ. ಅಡಾಪ್ಟರ್ ಹಾಕಿಯೇ ಇಟ್ಟ ಆಫೀಸ್ ಯಂತ್ರವಾಗಿದ್ದರಂತೂ ವರ್ಷಗಟ್ಟಲೆ ಶೇ. 100ರಲ್ಲಿ, ಬಿಸಿಯಲ್ಲಿ ಕೂತಿರುತ್ತದೆ. ಸೆಲ್ ಸವೆಯುತ್ತದೆ, ಚಿಪ್‌ಗೆ ಸುದ್ದಿ ಮುಟ್ಟುವುದಿಲ್ಲ.

ಮೊದಲು ಇರುವ ಲೆಕ್ಕ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆಯ ಜೊತೆ ‘ಬ್ಯಾಟರಿರಿಪೋರ್ಟ್’ ಕೊಟ್ಟರೆ ಒಂದು ಎಚ್‌ಟಿಎಂಎಲ್ ಕಡತ ಸಿಗುತ್ತದೆ. ಅದರಲ್ಲಿ ಎರಡೂ ಬ್ಯಾಟರಿಗಳ ಡಿಸೈನ್ ಕೆಪಾಸಿಟಿ (ಹೊಸದಿದ್ದಾಗಿನದು), ಫುಲ್ ಚಾರ್ಜ್ ಕೆಪಾಸಿಟಿ, ಸೈಕಲ್ ಕೌಂಟ್ (ಎಷ್ಟು ಸಲ ತುಂಬಿ ಖಾಲಿಯಾಗಿದೆ ಎಂಬ ಲೆಕ್ಕ) ಬೇರೆಬೇರೆಯಾಗಿ ಇರುತ್ತವೆ. ನಾಲ್ಕೈದು ವರ್ಷ ದುಡಿದ ಬ್ಯಾಟರಿ ಹೊಸದರಷ್ಟೇ ಕೆಪಾಸಿಟಿ ತೋರಿಸಿದರೆ ಖುಷಿಪಡಬೇಡಿ, ಆ ಅಂಕಿಯನ್ನು ನಂಬುವ ಹಾಗಿಲ್ಲ.

ರಿಸೆಟ್ ಮಾಡುವ ಮುನ್ನ ವ್ಯಾಂಟೇಜ್‌ನಲ್ಲಿ ಚಾರ್ಜ್ ಮಿತಿ ಇಟ್ಟಿದ್ದರೆ ತೆಗೆಯಿರಿ, ಶೇ. 80ಕ್ಕೆ ನಿಂತರೆ ಚಿಪ್‌ಗೆ ಮೇಲಿನ ತುದಿ ಸಿಗುವುದಿಲ್ಲ. ಸ್ಲೀಪ್ ಆಫ್ ಮಾಡಿ, ಅಡಾಪ್ಟರ್ ಹಾಕಿ, ಒಂದೊಂದೇ ಬ್ಯಾಟರಿಗೆ ರಿಸೆಟ್ ಕೊಡಿ. ಅದು ಪೂರ್ತಿ ತುಂಬಿಸಿ, ಅಡಾಪ್ಟರ್ ಇದ್ದರೂ ಬ್ಯಾಟರಿಯಿಂದಲೇ ಯಂತ್ರ ಓಡಿಸಿ ಖಾಲಿಮಾಡಿ, ಮತ್ತೆ ತುಂಬಿಸುತ್ತದೆ. 8 ವ್ಯಾಟ್ ಬಳಸುವ ಯಂತ್ರದಲ್ಲಿ 24ರದ್ದು ಖಾಲಿಯಾಗಲು 3 ಗಂಟೆ, 72ರದ್ದಕ್ಕೆ 9 ಗಂಟೆ. ಚಾರ್ಜ್ ಆಗುವ ಹೊತ್ತು ಬೇರೆ. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರುಮಾಡಬೇಕಾಗಬಹುದು. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಯುಪಿಎಸ್ ಲೈನಿಗೆ ಹಾಕುವುದೇ ಒಳ್ಳೆಯದು. ಲಿನಕ್ಸ್‌ನವರಿಗೆ ಇದೇ ಕೆಲಸವನ್ನು ಬ್ಯಾಟರಿ ನಿರ್ವಹಣೆಯ ತಂತ್ರಾಂಶ ಟಿಎಲ್‌ಪಿಯ ‘ರೀಕ್ಯಾಲಿಬ್ರೇಟ್’ ಮಾಡುತ್ತದೆ. ಟಿ480ಯಲ್ಲಿ ‘ಬ್ಯಾಟ್0’ ಒಳಗಿನದು, ‘ಬ್ಯಾಟ್1’ ಹೊರಗಿನದು.

ಉಬ್ಬಿದ ಬ್ಯಾಟರಿಗೆ ಮಾತ್ರ ಈ ಪ್ರಯೋಗ ಬೇಡವೇ ಬೇಡ. ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದ್ದರೆ, ಅಂಗೈ ಇಡುವ ಜಾಗ ಎದ್ದಿದ್ದರೆ, ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲುಗಾಡುತ್ತಿದ್ದರೆ ಅಡಾಪ್ಟರ್ ಕಿತ್ತು, ಆಫ್ ಮಾಡಿ, ಬ್ಯಾಟರಿ ತೆಗೆಸಿ. ಚುಚ್ಚುವುದು, ಒತ್ತಿ ಕೂರಿಸುವುದು ಬೆಂಕಿಗೆ ದಾರಿ.

ರಿಸೆಟ್ ಆದ ಮೇಲೆ ಮತ್ತೆ ರಿಪೋರ್ಟ್ ತೆಗೆದು ಹೋಲಿಸಿ. ಕೆಪಾಸಿಟಿ 22 ವ್ಯಾಟ್-ಅವರ್‌ನಿಂದ 9ಕ್ಕೆ ಇಳಿದಿದ್ದರೆ ಬ್ಯಾಟರಿ ಕೆಟ್ಟಿತೆಂದು ಗಾಬರಿಯಾಗುತ್ತದೆ. ಕೆಟ್ಟದ್ದು ಈಗಲ್ಲ, ಗೊತ್ತಾದದ್ದು ಈಗ. ಇನ್ನು ಮುಂದೆ ಅಂಕಿ ಸರಾಗವಾಗಿ ಇಳಿದು, ಯಂತ್ರ ಹೈಬರ್ನೇಟ್ ಆಗಿ ನಿಲ್ಲುತ್ತದೆ, ಬರೆಯುತ್ತಿದ್ದ ಕಡತ ಉಳಿಯುತ್ತದೆ. ಕೆಪಾಸಿಟಿ ಏರಿದ್ದರೆ ನಿಮ್ಮ ಅದೃಷ್ಟ: ಗೇಜ್ ಕಡಿಮೆ ತೋರಿಸಿ ವಿಂಡೋಸ್‌ಅನ್ನು ಬೇಗ ಮಲಗಿಸುತ್ತಿತ್ತು, ಸೆಲ್ ಚೆನ್ನಾಗಿದೆ. ಮೂರನೆಯದು, ರಿಸೆಟ್ ಆದರೂ ಶೇ. 30ರಿಂದ ಸೀದಾ ಸೊನ್ನೆಗೆ ಬೀಳುವುದು. ಸಾಲಾಗಿ ಜೋಡಿಸಿದ ಸೆಲ್‌ಗಳಲ್ಲಿ ಒಂದು ಸೋತು ಕಟ್-ಆಫ್ (ಇನ್ನು ಇಳಿಯಬಾರದ ವೋಲ್ಟೇಜ್) ಮುಟ್ಟಿದರೆ ಉಳಿದವುಗಳಲ್ಲಿ ಚಾರ್ಜ್ ಇದ್ದರೂ ಪ್ಯಾಕ್ ನಿಲ್ಲುತ್ತದೆ. ಇದಕ್ಕೆ ಯಾವ ರಿಸೆಟ್ಟೂ ಇಲ್ಲ. ಬದಲಿಸುವವರೆಗೆ ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ‘ಕ್ರಿಟಿಕಲ್ ಬ್ಯಾಟರಿ ಲೆವೆಲ್’ ಅನ್ನು ಕುಸಿಯುವ ಅಂಕಿಗಿಂತ ಐದು ಮೇಲಿಟ್ಟು, ‘ಕ್ರಿಟಿಕಲ್ ಬ್ಯಾಟರಿ ಆ್ಯಕ್ಷನ್’ ಅನ್ನು ‘ಹೈಬರ್ನೇಟ್’ಗೆ ಇಟ್ಟುಕೊಳ್ಳಿ. ರಿಸೆಟ್ ಅನ್ನು ವಾರವಾರ ಮಾಡುವುದು ದಂಡ, ಪ್ರತಿ ಸಲವೂ ಒಂದು ಪೂರ್ತಿ ಸೈಕಲ್ ಸವೆಯುತ್ತದೆ.

ಒಳಗಿನದನ್ನು ಬದಲಿಸುವ ಕೆಲಸ ಅರ್ಧ ಗಂಟೆಯದು. ಆನ್ ಮಾಡುವಾಗ ಎಫ್1 ಒತ್ತಿ, ಬಯೋಸ್‌ನ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಕಾನ್ಫಿಗ್, ಪವರ್‌ನಲ್ಲಿ ‘ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ’ ಕೊಟ್ಟು, ಹೊರಗಿನದನ್ನು ಕಳಚಿ, ಆಮೇಲೆ ತಳದ ಸ್ಕ್ರೂ ಸಡಿಲಿಸಿ. ಆ ಸ್ಕ್ರೂಗಳು ಮುಚ್ಚಳದಲ್ಲೇ ಉಳಿಯುತ್ತವೆ, ಪೂರ್ತಿ ಎಳೆಯಲು ಹೋಗಬೇಡಿ. ಬಯೋಸ್ ಹಂತ ಬಿಟ್ಟು ಕನೆಕ್ಟರ್ ಕಿತ್ತರೆ ಬೋರ್ಡ್‌ಗೆ ಕರೆಂಟ್ ಹರಿಯುತ್ತಿರುವಾಗಲೇ ಕಿತ್ತಂತೆ.

ಅಂಗಡಿಯಲ್ಲಿ ಸಿಗುವ ‘ಕಂಪ್ಯಾಟಿಬಲ್’ ಬ್ಯಾಟರಿ ಹಾಕಿದಾಗ, ಇದು ಲೆನೊವೊ ಒಪ್ಪಿದ್ದಲ್ಲ, ಚಾರ್ಜ್ ಆಗದಿರಬಹುದು ಎಂಬ ಅರ್ಥದ ಎಚ್ಚರಿಕೆ ಬರಬಹುದು. ಅಂಗಡಿಯಲ್ಲೇ ಹಾಕಿಸಿ, ಚಾರ್ಜ್ ಏರುವುದನ್ನು ನೋಡಿಯೇ ಹಣ ಕೊಡಿ. 72ರ ಹೊರ ಬ್ಯಾಟರಿಯಲ್ಲಿ ಸೆಲ್ ಕಡಿಮೆ ಹಾಕಿದ್ದರೆ ಹಿಡಿಯಲು ಅಡುಗೆಮನೆಯ ತಕ್ಕಡಿ ಸಾಕು. ಒಳಗೆ 18650 ಎಂಬ ಅಳತೆಯ ಆರು ಉರುಟು ಸೆಲ್ ಇರಬೇಕು, ಒಂದೊಂದೂ ಸುಮಾರು 45ರಿಂದ 50 ಗ್ರಾಂ. ಸೆಲ್‌ಗಳೇ 270 ಗ್ರಾಂ ದಾಟಬೇಕು, ಮೇಲೆ ಡಬ್ಬಿಯ ತೂಕ. ಇಡೀ ಪ್ಯಾಕ್ ಅದಕ್ಕಿಂತ ಹಗುರವಿದ್ದರೆ ಲೇಬಲ್ ಏನೇ ಹೇಳಲಿ, ವಾಪಸ್ ಕೊಡಿ. ರಿಪೋರ್ಟ್‌ನಲ್ಲಿ 72 ಕಂಡರೂ ನೆಚ್ಚಬೇಡಿ, ಚಿಪ್‌ಗೆ ಯಾವ ಅಂಕಿಯನ್ನಾದರೂ ಬರೆಯಬಹುದು. ಹಳೆಯ ಪ್ಯಾಕ್‌ಗೆ ಹೊಸ ಸೆಲ್ ಹಾಕಿಕೊಡುವ ‘ರೀಪ್ಯಾಕ್’ ನಮ್ಮ ಶಿಫಾರಸಿನಲ್ಲಿಲ್ಲ. ಸೆಲ್ ಕಳಚಿದ ಕೂಡಲೇ ಕೆಲವು ಚಿಪ್‌ಗಳು ಶಾಶ್ವತವಾಗಿ ಲಾಕ್ ಆಗುತ್ತವೆ. ಲಾಕ್ ಆಗದಿದ್ದರೂ ಹಳೆಯ ಕೆಪಾಸಿಟಿಯ ನೆನಪನ್ನೇ ಇಟ್ಟುಕೊಂಡು ಮತ್ತದೇ ಸುಳ್ಳು ಹೇಳುತ್ತವೆ.

ಹೊಸದು ಕೂತ ಮೇಲೆ ಎರಡೂ ಬ್ಯಾಟರಿಗೆ 75ಕ್ಕೆ ಶುರು, 80ಕ್ಕೆ ನಿಲ್ಲು ಎಂಬ ಮಿತಿ ಇಡಿ. ಮೂರು ತಿಂಗಳಿಗೊಮ್ಮೆ ಮಿತಿ ತೆಗೆದು, ಪೂರ್ತಿ ತುಂಬಿಸಿ, ಹೊರಗಿನ ಬ್ಯಾಟರಿಯನ್ನು ಕಳಚಿಟ್ಟು, ಒಳಗಿನದೊಂದರಲ್ಲೇ ಯಂತ್ರವನ್ನು ಹೈಬರ್ನೇಟ್ ಆಗುವವರೆಗೆ ಓಡಿಸಿ. ಒಳಗಿನ ಗೇಜ್ ತಳ ಕಾಣಲು ಅದಕ್ಕಿಂತ ಸುಲಭದ ದಾರಿ ಈ ಯಂತ್ರದಲ್ಲಿಲ್ಲ.